ನರ ಸಿಗದ ಕೈ

ಗುನ್ಸಾನ್
೧೯ ಮಾರ್ಚ್ ೧೯೭೮

ಅಮ್ಮನಿಗೆ,

ನೀವು ಕ್ಷೇಮವೆಂದು ಭಾವಿಸಿದ್ದೇನೆ. ಇಲ್ಲಿ ಅಜ್ಜಿ, ನಾನು ಇಬ್ಬರೂ ಚೆನ್ನಾಗಿದ್ದೇವೆ. ಹೊಸ ವರ್ಷಕ್ಕೆ ನೀವು ಕಳಿಸಿದ ಸ್ವೆಟರ್ ತಲುಪಿತು. ನನಗೆ ತೋಳು ಗಿಡ್ಡ. ಅಜ್ಜಿ ಹಾಕಿಕೊಳ್ಳುತ್ತಿದ್ದಾರೆ.

ಕೆಲಸದ ವಿಷಯವೊಂದನ್ನು ಕೇಳುವುದಿತ್ತು. ನಾನಾಗಿ ಬರೆಯುತ್ತಿರಲಿಲ್ಲ. "ಜರ್ಮನಿಯಲ್ಲಿ ಕೂತು ವರ್ಷಗಟ್ಲೆ ಅದೇ ಕೆಲಸ ಮಾಡ್ತಿದಾಳೆ, ಅವಳನ್ನ ಬಿಟ್ಟು ಇನ್ಯಾರನ್ನ ಕೇಳ್ತೀಯ?" ಎಂದು ಅಜ್ಜಿ ಬಲೆ ಹೆಣೆಯುವುದನ್ನು ನಿಲ್ಲಿಸಿ, ಎದುರಿಗೇ ಕೂತು ಬರೆಸುತ್ತಿದ್ದಾರೆ.

ನರ್ಸಿಂಗ್ ಶಾಲೆ ಮುಗಿಸಿ ಈ ತಿಂಗಳಿಂದ ಇಲ್ಲಿನ ಆಸ್ಪತ್ರೆಗೆ ಸೇರಿದ್ದೇನೆ. ಬೆಳಿಗ್ಗೆ ರೋಗಿಗಳಿಂದ ಪರೀಕ್ಷೆಗೆ ರಕ್ತ ತೆಗೆಯುವುದು ಹೊಸಬರ ಪಾಲು. ನನ್ನ ಕೈಯಲ್ಲಿ ಅದು ಆಗುತ್ತಿಲ್ಲ. ರಕ್ತನಾಳ ಕಣ್ಣಿಗೆ ಕಾಣುತ್ತದೆ, ಸೂಜಿ ಹೋಗುತ್ತದೆ, ಸಿರಿಂಜಿಗೆ ಒಂದು ಹನಿಯೂ ಬರುವುದಿಲ್ಲ. ನಿನ್ನೆ ಏಡಿ ಹಿಡಿಯುವ ಮುದುಕರೊಬ್ಬರ ಕೈಯಲ್ಲಿ ಸೂಜಿ ತಾಗುತ್ತಲೇ ನಾಳ ಪಕ್ಕಕ್ಕೆ ಜಾರಿತು. "ಏನವ್ವಾ, ಹಾವುಮೀನು ಹಿಡಿಯೋಕೆ ಬಂದಿದೀಯಾ? ಈ ಗಾಳಕ್ಕೆ ಬೀಳಲ್ಲ ಅದು," ಎಂದು ಅವರು ನಕ್ಕರು. ಪಕ್ಕದ ಹಾಸಿಗೆಯವರೂ ನಕ್ಕರು. ನಮ್ಮ ಹೆಡ್ ನರ್ಸ್ ಕ್ವಾಕ್ ನಗಲಿಲ್ಲ. "ನಿಮ್ಮಮ್ಮ ಪರದೇಶದಲ್ಲಿ ದೊಡ್ಡ ನರ್ಸಂತೆ. ಆ ವಿದ್ಯೆ ಅವರ ಜೊತೇನೇ ವಿಮಾನ ಹತ್ತಿ ಹೋಯ್ತೇನೋ," ಅಂದರು.

ನಾನೆಲ್ಲಿ ತಪ್ಪುತ್ತಿದ್ದೇನೆಂದು ಸಮಯವಿದ್ದರೆ ತಿಳಿಸಿ.

ಯೊನ್‌ಸಿಲ್

•

ಎಸ್ಸೆನ್
೪ ಏಪ್ರಿಲ್ ೧೯೭೮

ನನ್ನ ಯೊನ್‌ಸಿಲ್,

ನಿನ್ನ ಪತ್ರವನ್ನು ಟ್ರಾಮಿನಲ್ಲಿ ಓದುತ್ತ ಇಳಿಯಬೇಕಾದ ನಿಲ್ದಾಣ ದಾಟಿಹೋದೆ. ತೋಳಿನ ಅಳತೆಯನ್ನು ನಿನ್ನ ಶಾಲೆಯ ಫೋಟೋ ನೋಡಿ ಅಂದಾಜು ಮಾಡಿದ್ದೆ. ಅದು ಹಳೆಯ ಫೋಟೋ ಇರಬೇಕು.

ಈಗ ಕೇಳು. ಕಣ್ಣನ್ನು ನಂಬಬೇಡ, ಬೆರಳನ್ನು ನಂಬು. ನೀಲಿಯಾಗಿ ಕಾಣುವುದೆಲ್ಲ ಒಳ್ಳೆಯ ನಾಳವಲ್ಲ. ಒತ್ತಿದರೆ ಮೆತ್ತಗೆ ಪುಟಿಯುತ್ತದಲ್ಲ, ಅದನ್ನು ಹಿಡಿ. ಮುದುಕರಲ್ಲಿ ನಾಳ ಜಾರುವುದು ಸಹಜ. ಚುಚ್ಚುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಎಡಗೈ ಹೆಬ್ಬೆರಳಿಟ್ಟು ಚರ್ಮವನ್ನು ನಿನ್ನ ಕಡೆಗೆ ಎಳೆದು ಹಿಡಿ. ಆಗ ಅದಕ್ಕೆ ಓಡಲು ಜಾಗವಿರುವುದಿಲ್ಲ.

ಸೂಜಿ ಹೋಗಿ ರಕ್ತ ಬಾರದಿದ್ದರೆ ಗಾಬರಿಯಾಗಿ ಒಳಗೇ ತಡಕಾಡಬೇಡ. ಸೂಜಿ ಇನ್ನೂ ನಾಳದ ಹೊರಗಿದ್ದರೆ ಒಂದಿಷ್ಟೇ ಮುಂದಕ್ಕೆ ಒತ್ತು. ಆಚೆ ಬದಿಗೆ ತೂರಿಹೋಗಿದ್ದರೆ ಮೆಲ್ಲಗೆ ಹಿಂದಕ್ಕೆಳೆ. ಅದರ ಬಾಯಿ ನಾಳದ ಗೋಡೆಗೆ ಅಂಟಿಕೊಂಡಿರಬಹುದು, ಹಾಗಿದ್ದರೆ ತುಸು ತಿರುಗಿಸು. ಸಿರಿಂಜನ್ನು ಜೋರಾಗಿ ಎಳೆದರೆ ಬಡಕಲು ನಾಳ ಒಳಕ್ಕೆ ಕುಸಿದು ಮುಚ್ಚಿಕೊಳ್ಳುತ್ತದೆ. ಹೊಲಿಯುವಾಗ ದಾರ ಎಳೆಯುತ್ತೀಯಲ್ಲ, ಅಷ್ಟು ನಿಧಾನ ಸಾಕು. ಚರ್ಮ ಊದತೊಡಗಿದರೆ ಮೊದಲು ತೋಳಿನ ರಬ್ಬರ್ ಪಟ್ಟಿ ಬಿಚ್ಚು, ಆಮೇಲೆ ಸೂಜಿ ತೆಗೆ, ಒತ್ತಿ ಹಿಡಿ.

ಅಲ್ಲಿ ಸೂಜಿಗಳನ್ನು ಕುದಿಸಿ ಮತ್ತೆ ಮತ್ತೆ ಬಳಸುತ್ತೀರಲ್ಲ? ಕುದಿಸಲು ಹಾಕುವ ಮೊದಲು ಮೊನೆಯನ್ನು ಹತ್ತಿಯ ಮೇಲೆ ಎಳೆದು ನೋಡು. ಎಳೆ ಸಿಕ್ಕಿಕೊಂಡರೆ ಮೊನೆ ಬಾಗಿದೆ ಎಂದು ಅರ್ಥ. ಅದು ಬೇಡ. ಎರಡು ಸಲ ತಪ್ಪಿದರೆ ಬೇರೆಯವರನ್ನು ಕರೆ. ನಾನು ಈಗಲೂ ಕರೆಯುತ್ತೇನೆ, ಅದರಲ್ಲಿ ನಾಚಿಕೆಯೇನಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡುತ್ತೀಯಾ? ನಮ್ಮಮ್ಮನ ಸೊಂಟ ನೋವು ಹೇಗಿದೆ? ಕೆಲಸದ ವಿಷಯ ಏನಿದ್ದರೂ ಕೇಳು. ಕೆಲಸದ್ದಲ್ಲದಿದ್ದರೂ ಕೇಳು.

ಅಮ್ಮ

•

ಗುನ್ಸಾನ್
೧೪ ಮೇ ೧೯೭೮

ಅಮ್ಮನಿಗೆ,

ನೀವು ಬರೆದಂತೆ ಮಾಡಿದೆ. ಹೆಬ್ಬೆರಳಿನ ಉಪಾಯ ಫಲಿಸಿತು. ಏಡಿ ಹಿಡಿಯುವ ಮುದುಕರು ಮನೆಗೆ ಹೋಗುವ ದಿನ, "ಈಗ ನೀನು ದೋಣಿ ಹತ್ತಬಹುದು ಕಣವ್ವಾ," ಅಂದರು.

ಹೊಸ ತೊಂದರೆ ಏನೆಂದರೆ, ನಾನು ಕಳಿಸಿದ ರಕ್ತವನ್ನು ಲ್ಯಾಬಿನವರು ಹಿಂದಕ್ಕೆ ಕಳಿಸುತ್ತಾರೆ. "ರಕ್ತ ಒಡೆದಿದೆ, ಮೇಲಿನ ತಿಳಿ ಕೆಂಪಗಾಗಿದೆ, ಇದರಲ್ಲಿ ಪರೀಕ್ಷೆ ಆಗಲ್ಲ," ಅನ್ನುತ್ತಾರೆ. ಮತ್ತೆ ಅದೇ ರೋಗಿಯ ಮುಂದೆ ಸೂಜಿ ಹಿಡಿದು ನಿಲ್ಲಬೇಕು. ಇನ್ನೊಂದು ವಿಷಯ. ಮೊನ್ನೆ ಒಬ್ಬ ಬಡಗಿಗೆ ಸೂಜಿ ಹಾಕಿದ ಕೂಡಲೇ ಕರೆಂಟ್ ಹೊಡೆದವರಂತೆ ಕೈ ಕಿತ್ತುಕೊಂಡರು. ಮಧ್ಯಾಹ್ನದ ತನಕ ಅವರ ಎರಡು ಬೆರಳು ಮರಗಟ್ಟಿದ್ದವು. ಹಾಸು-ಹೊದಿಕೆ ಇಡುವ ಬಟ್ಟೆ ಕೋಣೆಗೆ ಹೋಗಿ ಅತ್ತೆ. ಅವರು ಕೈಯನ್ನೇ ನಂಬಿ ಬದುಕುವವರು.

ನಿಮಗೂ ಹೀಗೆ ಆಗಿತ್ತೇ?

ಅಜ್ಜಿ ಕ್ಷೇಮ. ಸೊಂಟಕ್ಕೆ ಪಟ್ಟು ಹಾಕಿಸಿಕೊಂಡಿದ್ದಾರೆ.

ಯೊನ್‌ಸಿಲ್

•

ಎಸ್ಸೆನ್
೩೦ ಮೇ ೧೯೭೮

ಯೊನ್‌ಸಿಲ್,

ಆ ಬಡಗಿಯ ಬೆರಳು ಸರಿಹೋಯಿತೇ? ಮೊದಲು ಅದನ್ನು ಬರಿ. ಶಾಕ್ ಹೊಡೆದ ಹಾಗಾಯಿತು ಎಂದು ರೋಗಿ ಹೇಳಿದರೆ ಮರುಮಾತಿಲ್ಲದೆ ಸೂಜಿ ಹೊರಗೆ ತೆಗೆ. ಅದೇ ಜಾಗಕ್ಕೆ ಮತ್ತೆ ಹೋಗಬೇಡ. ಡಾಕ್ಟರಿಗೆ ತಿಳಿಸು.

ರಕ್ತ ಒಡೆಯುವುದು ನಮ್ಮ ಅವಸರಕ್ಕೆ. ಟ್ಯೂಬಿಗೆ ಹಾಕುವ ಮೊದಲು ಸೂಜಿಯನ್ನು ಬಿಚ್ಚಿಡು. ಅಷ್ಟು ಸಣ್ಣ ತೂತಿನಿಂದ ರಭಸವಾಗಿ ನೂಕಿದರೆ ರಕ್ತ ನುಜ್ಜಾಗುತ್ತದೆ. ಗಾಜಿನ ಗೋಡೆಗುಂಟ ಇಳಿಯಲು ಬಿಡು. ಔಷಧಿ ಹಾಕಿದ ಟ್ಯೂಬಾದರೆ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸು, ಕುಲುಕಬೇಡ. ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಒಣಗಲಿ. ಪಟ್ಟಿಯನ್ನು ಬಹಳ ಹೊತ್ತು ಬಿಗಿದಿಡಬೇಡ. ಮುಷ್ಟಿ ಬಿಚ್ಚಿ ಮುಚ್ಚಿ ಮಾಡಿ ಎಂದು ರೋಗಿಗೆ ಹೇಳಬೇಡ, ಅದರಿಂದ ಲೆಕ್ಕ ತಪ್ಪು ಬರುತ್ತದೆ.

ನನಗೂ ಆಗಿತ್ತೇ ಎಂದು ಕೇಳಿದ್ದೀಯ. ಇಲ್ಲಿಗೆ ಬಂದ ಹೊಸತರಲ್ಲಿ ನನಗೆ ಈ ದೇಶದ ಭಾಷೆ ಬರುತ್ತಿರಲಿಲ್ಲ. ‘ನೋವಾಗುತ್ತಾ’ ಅನ್ನುವುದನ್ನು ಮೊದಲು ಬಾಯಿಪಾಠ ಮಾಡಿದೆ. ಅವರು ಕೊಡುವ ಉತ್ತರ ತಿಳಿಯುತ್ತಿರಲಿಲ್ಲ, ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದೆ. ಕೋಣೆಗೆ ಬಂದು ಅಳುತ್ತಿದ್ದೆ. ನನಗೂ ಬಟ್ಟೆ ಕೋಣೆಯೊಂದಿತ್ತು ಅಂದುಕೋ.

ಈ ಸಲ ನಮ್ಮಮ್ಮನಿಗೆ ಬೇರೆ ಸ್ವೆಟರ್ ಕಳಿಸುತ್ತೇನೆ. ನಿನ್ನ ತೋಳಿನ ಅಳತೆ ಬರಿ.

ಅಮ್ಮ

•

ಗುನ್ಸಾನ್
೨೦ ಆಗಸ್ಟ್ ೧೯೭೮

ಅಮ್ಮನಿಗೆ,

ಬರೆಯುವುದು ತಡವಾಯಿತು. ಬಡಗಿ ಚೆನ್ನಾಗಿದ್ದಾರೆ, ಕೆಲಸಕ್ಕೆ ಹೋಗುತ್ತಿದ್ದಾರೆ.

ನಮ್ಮ ವಾರ್ಡಿನಲ್ಲಿ ಈಗ ವಯಸ್ಸಾದ ಹೆಂಗಸೊಬ್ಬರಿದ್ದಾರೆ. ಅವರ ಬಗ್ಗೆ ಕೇಳಬೇಕಿತ್ತು. ಚರ್ಮ ಈರುಳ್ಳಿ ಸಿಪ್ಪೆಯಂತಾಗಿದೆ. ಎರಡೂ ತೋಳು ನೀಲಿಗಟ್ಟಿ, ಕಪ್ಪಾಗಿ ಹೋಗಿವೆ. ಸೂಜಿ ತಾಗಿದರೆ ನಾಳ ಒಡೆಯುತ್ತದೆ, ಎಷ್ಟು ಒತ್ತಿ ಹಿಡಿದರೂ ಒಳಗೊಳಗೇ ರಕ್ತ ಹರಡುತ್ತದೆ. ವಸಡಿನಿಂದಲೂ ರಕ್ತ ಬರುತ್ತದೆ. ಒಂದು ಕೈಗೆ ಡ್ರಿಪ್ ಹಾಕಿದ್ದೇವೆ. ಆ ಕೈಯಿಂದ ತೆಗೆಯಬಹುದೇ? ಡಾಕ್ಟರ್ ಸೊಕ್ ದಿನಾ ರಕ್ತ ಕೇಳುತ್ತಾರೆ. ಆ ಹೆಂಗಸು ನನ್ನನ್ನು ಬಿಟ್ಟು ಬೇರೆ ಯಾರಿಗೂ ಕೈ ಕೊಡುವುದಿಲ್ಲ. "ಹಳೇ ಬಲೆ ಆಗಿದೆ ಕಣೇ ಇದು. ಎಲ್ಲಿ ಹಿಡಿದ್ರೂ ಹರಿಯುತ್ತೆ. ನೀನು ಯಾಕೆ ಮುಖ ಸಣ್ಣ ಮಾಡ್ತೀಯ?" ಎಂದು ನನಗೇ ಸಮಾಧಾನ ಹೇಳುತ್ತಾರೆ.

ಇಂಥ ಕೈಗೆ ಏನು ಮಾಡಬೇಕು?

ಅಜ್ಜಿ ಕ್ಷೇಮ. ಬಿಸಿಲು ಹೆಚ್ಚಾದ್ದರಿಂದ ಬಂದರಿಗೆ ಬಲೆ ಕೆಲಸಕ್ಕೆ ಹೋಗುತ್ತಿಲ್ಲ.

ಯೊನ್‌ಸಿಲ್

•

ಎಸ್ಸೆನ್
೫ ಸೆಪ್ಟೆಂಬರ್ ೧೯೭೮

ಯೊನ್‌ಸಿಲ್,

ಡ್ರಿಪ್ ಇರುವ ಕೈಯಿಂದ ತೆಗೆಯಬೇಡ. ಡ್ರಿಪ್ಪಿನ ನೀರು ಸೇರಿ ರಕ್ತ ತೆಳುವಾಗುತ್ತದೆ, ಪರೀಕ್ಷೆ ಸುಳ್ಳು ಹೇಳುತ್ತದೆ. ಇನ್ನೊಂದು ಕೈಗೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತು, ಸ್ವಲ್ಪ ಹೊತ್ತು ಮಂಚದಿಂದ ಕೆಳಗೆ ಇಳಿಬಿಡು. ಪಟ್ಟಿಯನ್ನು ಬರಿ ಚರ್ಮದ ಮೇಲೆ ಕಟ್ಟದೆ ಅಂಗಿಯ ತೋಳಿನ ಮೇಲೆ, ಸಡಿಲವಾಗಿ ಕಟ್ಟು. ಮಕ್ಕಳ ವಾರ್ಡಿನಿಂದ ಸಣ್ಣ ಸೂಜಿ ತರಿಸಿಕೋ.

ಇಷ್ಟು ನಿನ್ನ ಪ್ರಶ್ನೆಗೆ.

ಬಲೆ ಹೆಣೆಯದವರು ತಮ್ಮ ಕೈಯನ್ನು ಹಳೇ ಬಲೆ ಅನ್ನುವುದಿಲ್ಲ. ನಮ್ಮಮ್ಮ ಬಿಸಿಲಿಗೆ ಹೆದರಿ ಕೆಲಸ ಬಿಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ನಿನ್ನ ಪತ್ರ ಬಂದ ದಿನದಿಂದ ಅದನ್ನು ಕೈಯಲ್ಲಿ ಹಿಡಿದು ಓಡಾಡುತ್ತಿದ್ದೇನೆ.

ಯೊನ್‌ಸಿಲ್, ಅದು ನಮ್ಮಮ್ಮನ ಕೈಯಾ?

ಅಮ್ಮ

•

ಗುನ್ಸಾನ್
೨೧ ಸೆಪ್ಟೆಂಬರ್ ೧೯೭೮

ಅಮ್ಮಾ,

ಹೌದು.

ಬೇಸಗೆ ಶುರುವಿನಲ್ಲೇ ತೋಳಲ್ಲಿ ಅಲ್ಲಲ್ಲಿ ನೀಲಿ ಕಲೆ ಕಂಡಿತು. ಬಂದರಿನ ಹಗ್ಗ ತಾಗಿರಬೇಕು ಅಂದುಕೊಂಡೆವು. ಆಮೇಲೆ ಒಂದು ದಿನ ಮೂಲಂಗಿ ಕಚ್ಚಿದರೆ ಮೂಲಂಗಿಯೆಲ್ಲ ರಕ್ತ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೊದಲನೇ ಸಲ ರಕ್ತ ತೆಗೆದವಳು ನಾನೇ. ಲ್ಯಾಬಿನವರು ಎರಡು ಸಲ ನೋಡಿದರು. ರಕ್ತದ ಕ್ಯಾನ್ಸರ್. ಈ ವಯಸ್ಸಿಗೆ ಮಾಡುವಂಥದ್ದು ಹೆಚ್ಚೇನೂ ಇಲ್ಲ, ಹೊರಗಿನ ರಕ್ತ ಕೊಡುತ್ತಾ ಹೋಗೋಣ ಎಂದು ಡಾಕ್ಟರ್ ಸೊಕ್ ಹೇಳಿದರು.

ನಿನಗೆ ಬರೆಯಬಾರದೆಂದು ಅಜ್ಜಿ ಆಣೆ ಹಾಕಿಸಿಕೊಂಡಿದ್ದರು. "ಬರೆದ್ರೆ ಅವಳು ಅಲ್ಲಿ ಅಳ್ತಾ ಅಳ್ತಾ ಯಾವನಾದ್ರೂ ಜರ್ಮನಿಯವನಿಗೆ ಕಣ್ಣಿಗೇ ಸೂಜಿ ಹಾಕಿಬಿಡ್ತಾಳೆ. ಆಮೇಲೆ ಯುದ್ಧ ಆಗುತ್ತೆ," ಎಂದು ನಕ್ಕರು. ನಗುವಾಗ ಹಲ್ಲು ಕೆಂಪಗಿದ್ದವು.

ಸುಗ್ಗಿಯ ಚುಸೊಕ್ ಹಬ್ಬವನ್ನು ವಾರ್ಡಿನಲ್ಲೇ ಮಾಡಿದೆವು. ಪಕ್ಕದ ಹಾಸಿಗೆಯವರ ಸೊಸೆ ಅಕ್ಕಿ ಕಡುಬು ತಂದುಕೊಟ್ಟಳು. ಅಜ್ಜಿಗೆ ನುಂಗಲಾಗಲಿಲ್ಲ, ಬಾಯಲ್ಲಿಟ್ಟುಕೊಂಡು ರುಚಿ ನೋಡಿ ಉಗಿದರು. "ಎಳ್ಳು ಕಮ್ಮಿ," ಅಂದರು.

ನೀನು ಬರೆದದ್ದನ್ನೆಲ್ಲ ಮಾಡಿದೆ. ಬಿಸಿ ಬಟ್ಟೆ ಸುತ್ತಿದೆ, ಸಣ್ಣ ಸೂಜಿ ತರಿಸಿದೆ. ಇವತ್ತು ಬೆಳಿಗ್ಗೆ ಮೂರು ಕಡೆ ತಪ್ಪಿತು. ಬೇರೆಯವರನ್ನು ಕರೆಯುತ್ತೇನೆ ಅಂದರೆ ಚಿಕ್ಕ ಮಕ್ಕಳ ಹಾಗೆ ನನ್ನ ಏಪ್ರನ್ ಹಿಡಿದುಕೊಂಡರು. "ಬೇರೆಯೋರ ಮೇಲೆ ಯಾಕೆ ಕಲೀತೀಯ, ನನ್ನ ಮೇಲೇ ಕಲ್ತ್ಕೋ," ಅಂದರು. ಆ ಕೈ ನನಗೆ ಅನ್ನ ತಿನ್ನಿಸಿದ್ದು. ಅಪ್ಪನ ದೋಣಿ ವಾಪಸು ಬಾರದಿದ್ದಾಗ, ನೀನು ವಿಮಾನ ಹತ್ತಿದ ದಿನ, ನನ್ನನ್ನು ಹಿಡಿದುಕೊಂಡಿದ್ದು ಅದೇ ಕೈ. ಅದನ್ನು ನಾನು ದಿನಾ ತೂತು ಮಾಡುತ್ತಿದ್ದೇನೆ.

ನಾಳ ಜಾರಿದರೆ ಏನು ಮಾಡಬೇಕು, ಕುಸಿದರೆ ಏನು ಮಾಡಬೇಕು ಎಲ್ಲ ನೀನು ಬರೆದೆ. ಇದಕ್ಕೆ ಏನು ಮಾಡಬೇಕು ಅಂತ ಬರೆಯಲಿಲ್ಲ. ಉಪಾಯ ಇದ್ದರೆ ಬರಿ. ಇಲ್ಲದಿದ್ದರೆ ಬಾ.

ಯೊನ್‌ಸಿಲ್

•

ಎಸ್ಸೆನ್
೩ ಅಕ್ಟೋಬರ್ ೧೯೭೮

ಯೊನ್‌ಸಿಲ್,

ಉಪಾಯ ನನ್ನ ಹತ್ತಿರ ಇಲ್ಲ. ಬರುತ್ತಿದ್ದೇನೆ. ರಜೆ ಸಿಕ್ಕಿದೆ, ಟಿಕೆಟ್ ಆಗಿದೆ. ಈ ಪತ್ರದ ಹಿಂದೆಯೇ ನಾನೂ ತಲುಪುತ್ತೇನೆ.

ಅಲ್ಲಿಯವರೆಗೆ, ಬರೀ ರಕ್ತಕಣ ಎಣಿಸುವುದಾದರೆ ಬೆರಳ ತುದಿ ಚುಚ್ಚಿ ತೆಗೆದರೂ ನಡೆಯುತ್ತದೆ, ಲ್ಯಾಬಿನವರಲ್ಲಿ ಕೇಳು. ಡಾಕ್ಟರಲ್ಲಿ ಇನ್ನೊಂದು ಮಾತು ಕೇಳು. ಕೇಳಲು ಭಯವಾದರೆ ನಾನು ಬಂದು ಕೇಳುತ್ತೇನೆ. ಪರೀಕ್ಷೆಯ ಉತ್ತರ ಒಳ್ಳೆಯದಾದರೆ ಏನು ಮಾಡುತ್ತೀರಿ, ಕೆಟ್ಟದ್ದಾದರೆ ಏನು ಮಾಡುತ್ತೀರಿ ಎಂದು. ಎರಡಕ್ಕೂ ಒಂದೇ ಉತ್ತರವಾದರೆ ಆ ರಕ್ತ ಯಾರಿಗೆ ಬೇಕು?

ಅಮ್ಮನಿಗೆ ನಾನು ಬರುವುದನ್ನು ಹೇಳು. ಬೈದರೆ ಬೈಯಲಿ.

ಅಮ್ಮ

•

ಗುನ್ಸಾನ್
೨೬ ನವೆಂಬರ್ ೧೯೭೮

ಅಮ್ಮಾ,

ನೀನು ಕ್ಷೇಮವಾಗಿ ತಲುಪಿದ ಪತ್ರ ಬಂತು. ಕಿಂಪೊ ವಿಮಾನ ನಿಲ್ದಾಣದಲ್ಲಿ ನೀನು ತಿರುಗಿ ನೋಡಿದಾಗ ನಾನು ಕೈ ಎತ್ತಲಿಲ್ಲ. ಸಿಟ್ಟಿನಿಂದಲ್ಲ. ಎತ್ತಿದರೆ ಅಳು ಬಂದುಬಿಡುತ್ತಿತ್ತು. ಬಸ್ಸಿನಲ್ಲಿ ಹೇಗೂ ಅತ್ತೆ.

ಚಳಿಗಾಲಕ್ಕೆ ಕಿಮ್ಚಿ ಉಪ್ಪಿನಕಾಯಿ ಹಾಕುವ ಕಾಲ. ಅಕ್ಕಪಕ್ಕದವರು ಬಂದು ನಮ್ಮ ಪಾಲಿನ ಎಲೆಕೋಸಿಗೂ ಉಪ್ಪು ಹಾಕಿ ಹೋದರು. ಒಬ್ಬಳಿಗೆ ಎಷ್ಟು ಬೇಕು ಎಂದು ನನಗೆ ತಿಳಿಯಲಿಲ್ಲ. ಅಜ್ಜಿ ಹಾಕುತ್ತಿದ್ದಷ್ಟೇ ಹಾಕಿ ಅಂದೆ.

ಆಸ್ಪತ್ರೆಯಲ್ಲಿ ಈಗ ನರ ಸಿಗದ ರೋಗಿ ಬಂದರೆ ನನಗೇ ಹೇಳಿಕಳಿಸುತ್ತಾರೆ. "ಯೊನ್‌ಸಿಲ್‌ನ ಕರೀರಿ, ಅವಳ ಬೆರಳಿಗೆ ಕಣ್ಣಿದೆ," ಎಂದು ಹೆಡ್ ನರ್ಸ್ ಕ್ವಾಕ್ ಎಲ್ಲರ ಎದುರಿಗೆ ಹೇಳಿದರು. ಒಂದು ಕಾಲಕ್ಕೆ ಈ ಮಾತಿಗೆ ಎಷ್ಟು ಕಾದಿದ್ದೆ. ಈಗ ಕೇಳಿದರೆ ಅಜ್ಜಿಯ ತೋಳು ಕಣ್ಣ ಮುಂದೆ ಬರುತ್ತದೆ.

ನೀನು ಇಲ್ಲಿದ್ದಷ್ಟು ದಿನ ನಾವು ಏನು ಮಾತಾಡಿದೆವು ಎಂದು ನೆನಪು ಮಾಡಿಕೊಳ್ಳುತ್ತೇನೆ. ಗಂಜಿ ಬಿಸಿಯಿದೆಯಾ, ಹತ್ತಿ ಎಲ್ಲಿದೆ, ಹಾಸು ಬದಲಿಸಿದೆಯಾ. ಒಂದೇ ಹೊದಿಕೆಯೊಳಗೆ ಮಲಗಿದ್ದೆವು. ನಿನ್ನ ಉಸಿರು ಕೇಳಿಸುತ್ತಿತ್ತು. ನಿನಗೂ ನಿದ್ದೆ ಬಂದಿಲ್ಲವೆಂದು ಗೊತ್ತಿತ್ತು.

ನೀನು ಬಂದ ಮರುದಿನದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಎರಡು ಸಲ ತಪ್ಪಿದೆ. ನೀನು ನಿನ್ನ ಕೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು, ಅಜ್ಜಿಯ ಮುಂಗೈ ಹಿಡಿದು ಸುಮ್ಮನೆ ಕೂತೆ. ಸೂಜಿ ಹಿಡಿಯುವ ಅವಸರವೇ ಇಲ್ಲದವಳ ಹಾಗೆ. ಆಮೇಲೆ ಹೆಬ್ಬೆರಳ ಬುಡದಲ್ಲಿ ನಾನು ಎಂದೂ ನೋಡದ ಒಂದು ನಾಳವನ್ನು ನೀನು ಹಿಡಿದೆ. ರಕ್ತ ತಾನಾಗಿ ಬಂತು. ನೀನು ಬರುವ ಸುದ್ದಿಯನ್ನೂ ಜ್ವರದಲ್ಲಿ ಮರೆತಿದ್ದ ಅಜ್ಜಿ ಕಣ್ಣು ತೆರೆದು, "ಈ ಹೊಸ ನರ್ಸಮ್ಮ ಯಾರು? ಕೈ ಹಗುರ ಇದೆ. ಇನ್ಮೇಲೆ ಇವರೇ ಬರ್ಲಿ," ಅಂದರು. ನಾನು "ಅಜ್ಜೀ, ಇದು..." ಎಂದು ಬಾಯಿ ತೆಗೆದರೆ ನೀನು ನನ್ನ ಮೊಣಕೈ ಒತ್ತಿದೆ. "ಆಯ್ತು ಅಜ್ಜಿ, ನಾನೇ ಬರ್ತೀನಿ," ಅಂದೆ. ನಿನ್ನ ಸ್ವಂತ ಅಮ್ಮನನ್ನು ಅಜ್ಜಿ ಅಂದೆ.

ಅವತ್ತೇ ನೀನು ಡಾಕ್ಟರ್ ಸೊಕ್ ಹತ್ತಿರ ಹೋಗಿ, ಈ ಪರೀಕ್ಷೆಯಿಂದ ಏನು ಬದಲಾಗುತ್ತದೆ ಎಂದು ಕೇಳಿದೆ. ಅವರು ಕಾಗದ ಮಡಚಿಟ್ಟು, "ಏನೂ ಇಲ್ಲ ಅಮ್ಮಾ, ಸುಮ್ಮನಿರೋಕೆ ಆಗ್ದೆ ಬರೀತಿದ್ದೆ," ಅಂದರಲ್ಲ, ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಆಮೇಲೆ ಅಜ್ಜಿಗೆ ಒಂದೂ ಸೂಜಿ ತಾಗಲಿಲ್ಲ. ಅಜ್ಜಿ ತೀರಿಹೋಗುವಾಗ ತೋಳಿನ ಕಪ್ಪು ಅಂಚಿನಲ್ಲಿ ಹಳದಿಯಾಗಿ ವಾಸಿಯಾಗುತ್ತ ಬಂದಿತ್ತು. ಕೊನೆಯ ಸ್ನಾನ ಮಾಡಿಸುವಾಗ ನೀನೂ ನೋಡಿದೆ.

ಮಧ್ಯಾಹ್ನದ ಪಾಳಿಗೆ ನಾನು ಬೇರೆ ವಾರ್ಡಿಗೆ ಹೋಗುತ್ತಿದ್ದೆ. ನೀವಿಬ್ಬರೇ ಇರುತ್ತಿದ್ದಿರಿ. ಆಮೇಲಾದರೂ ಅಜ್ಜಿಗೆ ನೀನು ಯಾರೆಂದು ಗೊತ್ತಾಯಿತಾ? ನೀನು ಇಲ್ಲಿರುವಾಗ ಕೇಳಲು ಆಗಲಿಲ್ಲ.

ಯೊನ್‌ಸಿಲ್

•

ಎಸ್ಸೆನ್
೧೭ ಡಿಸೆಂಬರ್ ೧೯೭೮

ಯೊನ್‌ಸಿಲ್,

ಇಲ್ಲ. ಗೊತ್ತಾಗಲಿಲ್ಲ.

ನಾನು ಹೇಳಬಹುದಿತ್ತು. ಮೊದಲ ದಿನ ಬಾಯಿಗೆ ಬಂದಿತ್ತು. ಆದರೆ ಅಮ್ಮ ಅಪರಿಚಿತರ ಮುಂದೆ ಕೂರುವ ಹಾಗೆ ಅಂಗಿಯ ಅಂಚು ಸರಿಮಾಡಿಕೊಂಡು, "ತೊಂದರೆ ಕೊಡ್ತಿದೀನಿ ನಿಮಗೆ," ಅಂದರು. ನನಗೆ ಎಂದೂ ಬಹುವಚನ ಹಾಕದ ಬಾಯಿ. ಹೇಳಿದರೆ ಅಷ್ಟು ದೂರದಿಂದ ಯಾಕೆ ಬಂದೆ, ಕೆಲಸ ಏನಾಯಿತು ಎಂದು ಗಾಬರಿ ಬೀಳುತ್ತಿದ್ದರು. ಅವರಿಗೆ ನರ್ಸ್ ಬೇಕಾಗಿತ್ತು, ನಾನು ನರ್ಸಾಗಿಯೇ ಇದ್ದೆ. ಅದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಮಧ್ಯಾಹ್ನಗಳಲ್ಲಿ ಜ್ವರ ಇಳಿದಾಗ ಮಾತಾಡುತ್ತಿದ್ದರು. ನಿನ್ನ ಬಗ್ಗೆಯೇ ಹೆಚ್ಚು. "ನನ್ನ ಮೊಮ್ಮಗಳು ಇದೇ ಆಸ್ಪತ್ರೇಲಿದಾಳೆ. ಸಿಡುಕಿ. ಆದ್ರೆ ನನಗೆ ಚುಚ್ಚುವಾಗ ತುಟಿ ಕಚ್ಚಿಕೊಳ್ತಾಳೆ, ಅವಳ ತುಟಿಗೂ ಸ್ವಲ್ಪ ಔಷಧಿ ಕೊಡಿ," ಅಂದರು. ಒಂದು ದಿನ ನನ್ನ ಬಗ್ಗೆಯೂ ಬಂತು. "ನನಗೊಬ್ಬಳು ಮಗಳಿದಾಳೆ. ಚಿಕ್ಕೋಳಿದ್ದಾಗ ಸೂಜಿ ಹಾಕೋ ಡಾಕ್ಟರು ಬಂದ್ರೆ ಉಪ್ಪಿನಕಾಯಿ ಜಾಡಿ ಸಾಲಿನ ಹಿಂದೆ ಅಡಗಿಕೊಳ್ತಿದ್ಲು. ಈಗ ಊರೋರಿಗೆಲ್ಲ ಚುಚ್ತಾಳಂತೆ, ನೋಡಿ!" ಎಂದು ನಕ್ಕರು. ನಾನೂ ನಕ್ಕೆ. ಜಾಡಿಗಳ ಹಿಂದಿನ ತಣ್ಣನೆ ನೆಲ ನನ್ನ ಅಂಗಾಲಿಗೆ ನೆನಪಿದೆ.

ಇಲ್ಲಿ ಹಿಮ ಬಿದ್ದಿದೆ. ಮಾರ್ಚ್‌ಗೆ ನನ್ನ ಒಪ್ಪಂದ ಮುಗಿಯುತ್ತದೆ. ಮುಂದುವರಿಸುವಿರಾ ಎಂದು ಆಫೀಸಿನವರು ಕೇಳಿದ್ದಾರೆ. ಪ್ರತಿ ಸಲ ಅಲ್ಲೇ ನಿಂತು ಸಹಿ ಹಾಕುತ್ತಿದ್ದೆ. ಈ ಸಲ ಯೋಚಿಸಿ ಹೇಳುತ್ತೇನೆಂದು ಬಂದಿದ್ದೇನೆ.

ಇನ್ನೊಂದು ಸಂಗತಿ. ನಿನಗೆ ಹೇಳಬಾರದೆಂದಿದ್ದೆ. ಅವರು ಹೋಗುವ ಹಿಂದಿನ ಸಂಜೆ ನಿನ್ನ ಪಾಳಿ ಇನ್ನೂ ಮುಗಿದಿರಲಿಲ್ಲ. ಕಿಟಕಿಯಲ್ಲಿ ಬೆಳಕು ಕಮ್ಮಿಯಾಗುತ್ತಿತ್ತು. ನಾನು ಅವರ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದೆ. ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು. ಈಗ ಗುರುತು ಹಿಡಿಯುತ್ತಾರೆ ಅಂದುಕೊಂಡೆ.

"ನರ್ಸಮ್ಮಾ, ನಿಮಗೆ ತಾಯಿ ಇದಾರಾ?"

"ಇದಾರೆ ಅಜ್ಜಿ."

"ಮತ್ತೆ ಇನ್ನೂ ಇಲ್ಲೇ ಕೂತಿದೀರಲ್ಲ! ಕತ್ತಲಾಗ್ತಾ ಬಂತು. ಮನೆಗೆ ಹೋಗಮ್ಮಾ. ಅವರು ಕಾಯ್ತಿರ್ತಾರೆ."

ಆಗಲಿ ಎಂದು ಎದ್ದೆ. ಕೋಟು ಹಾಕಿಕೊಂಡು, ತಲೆ ಬಾಗಿಸಿ ನಮಸ್ಕಾರ ಹೇಳಿ ಬಾಗಿಲವರೆಗೆ ನಡೆದೆ. ಕಳಿಸಿಕೊಡುವವರ ಹಾಗೆ ಅವರು ಹಾಸಿಗೆಯಿಂದಲೇ ಕೈ ಆಡಿಸಿದರು. ಹೊರಗೆ ಗೋಡೆಗೊರಗಿ ನಿಂತಿದ್ದು, ಅವರು ಕಣ್ಣು ಮುಚ್ಚಿದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದು ಪಕ್ಕದಲ್ಲಿ ಕೂತೆ.

ಅಮ್ಮ